ರೋಗಿಗಳಿಗೆ ಸಿಗುವ ಆರೈಕೆಯಲ್ಲಿನ ಅಂತರ ತಗ್ಗಿಸಲು ವಾರ್ಡಿನಲ್ಲಿ ನರ್ಸ್ ಮಾಡಬಹುದಾದ ಕೆಲಸ

ಎಲ್ಲರಿಗೂ ಒಂದೇ ಔಷಧಿ, ಒಂದೇ ಚೀಟಿ, ಒಂದೇ ಸೂಚನೆ ಕೊಟ್ಟರೆ ಭೇದ ಮಾಡಲಿಲ್ಲ ಎಂಬ ಸಮಾಧಾನ ಸಿಗುತ್ತದೆ. ಆದರೆ ಓದು ಬಾರದವರಿಗೆ ಆ ಚೀಟಿ ಬರೀ ಕಾಗದ. ದಿನಗೂಲಿಯವರಿಗೆ ಬೆಳಗ್ಗೆ ಹತ್ತು ಗಂಟೆಯ ಮರುತಪಾಸಣೆ ಎಂದರೆ ಅವತ್ತಿನ ದುಡಿಮೆ ಹೋಯಿತೆಂದೇ ಲೆಕ್ಕ. ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಒಳ್ಳೆಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಹೊರಗಿನ ಬಡತನವನ್ನು ನರ್ಸ್ ಒಬ್ಬರು ನೀಗಿಸಲಾರರು. ಆದರೆ ದಾಖಲಾತಿ, ತಪಾಸಣೆ, ಡಿಸ್ಚಾರ್ಜ್, ಈ ಮೂರು ಕಡೆ ಅಂತರ ಇನ್ನಷ್ಟು ಹಿಗ್ಗದಂತೆ ತಡೆಯುವುದು ಅವರ ಕೈಯಲ್ಲೇ ಇದೆ.

ದಾಖಲಾದ ದಿನ

"ಮನೆಯಲ್ಲಿ ಏನಾದರೂ ತೊಂದರೆ ಇದೆಯಾ?" ಎಂದರೆ "ಏನಿಲ್ಲ" ಎಂಬ ಉತ್ತರವೇ ಬರುತ್ತದೆ. "ಇದನ್ನು ಎಲ್ಲರನ್ನೂ ಕೇಳುತ್ತೇವೆ" ಎಂದು ಮೊದಲೇ ಹೇಳಿ, ನಿರ್ದಿಷ್ಟವಾಗಿ ಕೇಳಿ. ಔಷಧಿ ಮುಗಿದಾಗ ದುಡ್ಡಿಲ್ಲದೆ ಕೊಳ್ಳದೇ ಬಿಟ್ಟದ್ದುಂಟಾ? ಆಸ್ಪತ್ರೆಯ ಕಾಗದ ಓದಿ ಹೇಳಲು ಯಾರಾದರೂ ಬೇಕಾಗುತ್ತಾರಾ? ಇಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತು? ಊಟ ತಪ್ಪುವ ದಿನಗಳಿವೆಯಾ? ಪಕ್ಕದ ಹಾಸಿಗೆಯವರಿಗೆ ಕೇಳಿಸದಂತೆ ಕೇಳಬೇಕು, ಇಲ್ಲವಾದರೆ ಕೇಳಿಯೂ ಪ್ರಯೋಜನವಿಲ್ಲ.

ಉತ್ತರವನ್ನು ಕೇಸ್ ಶೀಟಿನಲ್ಲಿ ಹೇಗೆ ಬರೆಯುತ್ತೀರಿ ಎಂಬುದೂ ಮುಖ್ಯ. "ರೋಗಿ ಹೇಳಿದ್ದು ಕೇಳುವುದಿಲ್ಲ" ಎಂದು ಬರೆದರೆ ಮುಂದಿನ ಪಾಳಿಯವರು ಗದರುತ್ತಾರೆ. "ದುಡ್ಡಿಲ್ಲದೆ ಹತ್ತು ದಿನದಿಂದ ಮಾತ್ರೆ ನಿಂತಿದೆ" ಎಂದು ಬರೆದರೆ ಯಾರಾದರೂ ಕಡಿಮೆ ಬೆಲೆಯ ಔಷಧಿ ಹುಡುಕುತ್ತಾರೆ.

ಭಾಷೆ ಬಾರದ ರೋಗಿಗೆ ಅವರ ಮಗುವನ್ನು ದುಭಾಷಿ ಮಾಡಬೇಡಿ. ಕೆಟ್ಟ ಸುದ್ದಿಯನ್ನು ಮಗು ನುಂಗಿಕೊಳ್ಳುತ್ತದೆ, ಹೊಟ್ಟೆಯ ಕೆಳಗಿನ ನೋವಿನ ಬಗ್ಗೆ ತಾಯಿ ಬಾಯಿಬಿಡುವುದಿಲ್ಲ. ಗಂಡ ದುಭಾಷಿಯಾದರೆ ಹೆಂಡತಿಯ ಮೈಮೇಲಿನ ಬಾಸುಂಡೆಗೆ ಕಾರಣ ಹೊರಬರುವುದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಫೋನಿನ ಸ್ಪೀಕರ್‌ನಲ್ಲಿ ಹಿಡಿಯಿರಿ. ಮಾತಾಡುವಾಗ ರೋಗಿಯ ಮುಖ ನೋಡಿ, ಒಂದು ಸಲಕ್ಕೆ ಒಂದೇ ವಾಕ್ಯ ಹೇಳಿ.

ತಪಾಸಣೆಯಲ್ಲೇ ಆಗುವ ತಪ್ಪು

ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಬೆರಳಿನಿಂದ ಅಳೆಯುವ ಪಲ್ಸ್ ಆಕ್ಸಿಮೀಟರ್ ಬೆಳಕಿನ ಮೇಲೆ ಕೆಲಸ ಮಾಡುತ್ತದೆ. ಗಾಢ ಬಣ್ಣದ ಚರ್ಮದಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪು ವರ್ಣೀಯರಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಆದ್ದರಿಂದ ಉಗುರುಬಣ್ಣ ತೆಗೆಸಿ, ತಣ್ಣಗಿರುವ ಕೈಯನ್ನು ಬೆಚ್ಚಗೆ ಮಾಡಿ, ಅಂಕಿ ನಿಲ್ಲುವ ತನಕ ಕಾಯಿರಿ. ಉಸಿರು ಮೇಲೆ ಮೇಲೆ ಬರುತ್ತಿದ್ದರೆ ಮೀಟರ್ 94 ಎಂದಿತೆಂದು ಸುಮ್ಮನಾಗಬೇಡಿ. ನಾಲಿಗೆ, ತುಟಿಯ ಒಳಭಾಗ ನೀಲಿಗಟ್ಟಿದೆಯಾ ನೋಡಿ, ಉಸಿರಿನ ಗತಿ ಪೂರ್ತಿ ಒಂದು ನಿಮಿಷ ಎಣಿಸಿ, ಅಪಧಮನಿ ರಕ್ತದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಹಾಸಿಗೆ ಹುಣ್ಣಿನ ಮೊದಲ ಲಕ್ಷಣ ಕೆಂಪು ಎಂದು ಪಾಠದಲ್ಲಿರುತ್ತದೆ. ಕಪ್ಪು ಚರ್ಮದಲ್ಲಿ ಆ ಕೆಂಪು ಕಣ್ಣಿಗೆ ಬೀಳದೆ, ಚರ್ಮ ಒಡೆದ ಮೇಲೆಯೇ ಗೊತ್ತಾಗುತ್ತದೆ. ಹಿಮ್ಮಡಿ, ಬೆನ್ನಿನ ಕೆಳತುದಿ, ಸೊಂಟದ ಪಕ್ಕದ ಎಲುಬಿನ ಮೇಲೆ ಅಂಗೈಯ ಹಿಂಬದಿಯಿಂದ ಮುಟ್ಟಿ, ಪಕ್ಕದ ಜಾಗಕ್ಕೆ ಹೋಲಿಸಿ. ಬಿಸಿಯೋ ತಣ್ಣಗೋ ಇದ್ದರೆ, ಗಟ್ಟಿಯಾಗಿಯೋ ಮೆತ್ತಗೋ ಆಗಿದ್ದರೆ, ನೋವಿದ್ದರೆ ಅದನ್ನೇ ಆರಂಭ ಎಂದು ತಿಳಿದು ಆ ಜಾಗದ ಮೇಲಿನ ಭಾರ ತಪ್ಪಿಸಿ.

ಬಿಪಿ ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಹೆಚ್ಚು ತೋರಿಸಿ, ಬೇಡದ ಮಾತ್ರೆ ಶುರುವಾಗುತ್ತದೆ. (ದೊಡ್ಡ ಪಟ್ಟಿ ಬೀರುವಿನಲ್ಲಿ ಭದ್ರವಾಗಿದ್ದರೆ ಯಾರಿಗೂ ಉಪಯೋಗವಿಲ್ಲ, ಟ್ರಾಲಿಯ ಮೇಲಿರಲಿ.)

ಡಿಸ್ಚಾರ್ಜ್

ಇಲ್ಲಿ ಆಗುವಷ್ಟು ನಷ್ಟ ಬೇರೆಲ್ಲೂ ಆಗುವುದಿಲ್ಲ. "ಅರ್ಥ ಆಯ್ತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಅರ್ಥವಾಗದವರು ಇನ್ನೂ ಬೇಗ. ಅದರ ಬದಲು ಹೀಗೆ ಹೇಳಿ: "ನಾನು ಸರಿಯಾಗಿ ಹೇಳಿದೆನಾ ನೋಡೋಣ. ನಾಳೆ ಎದ್ದ ಮೇಲೆ ಯಾವ ಮಾತ್ರೆ ಮೊದಲು ತಗೋತೀರಿ, ತೋರಿಸಿ." ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ವಿಷಯ ಬೇಡ. ತಪ್ಪಿದರೆ ಅದೇ ಮಾತನ್ನು ಜೋರಾಗಿ ಹೇಳದೆ ಬೇರೆ ರೀತಿ ಹೇಳಿ, ಮತ್ತೆ ಮಾಡಿಸಿ. ಇದನ್ನು ಹಿಂದಿನ ದಿನವೇ ಮುಗಿಸಿ. ಬಾಗಿಲಲ್ಲಿ ಗಾಡಿ ನಿಂತಾಗ ಯಾರ ತಲೆಗೂ ಏನೂ ಹೋಗುವುದಿಲ್ಲ.

ಕೈಯಲ್ಲಿ ಮಾಡಬೇಕಾದದ್ದನ್ನು ಕೈಯಲ್ಲೇ ಮಾಡಿಸಿ. ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ಆದ್ದರಿಂದ ಮಗುವಿನ ಸಿರಪ್‌ಗೆ ಸೂಜಿಯಿಲ್ಲದ ಸಿರಿಂಜ್ ಕೊಟ್ಟು, 5 ಮಿ.ಲೀ. ಗೆರೆಗೆ ಬಣ್ಣದ ಟೇಪ್ ಅಂಟಿಸಿ. ಒಂದು ಲೀಟರಿನ ಒಆರ್‌ಎಸ್ ಪೊಟ್ಟಣವನ್ನು ಲೋಟಕ್ಕೆ ಅಷ್ಟಷ್ಟೇ ಸುರಿದುಕೊಂಡರೆ ಉಪ್ಪಿನಂಶ ವಿಪರೀತವಾಗಿ ಮಗುವಿಗೆ ಅಪಾಯ. ಇಡೀ ಪೊಟ್ಟಣ, ಇಡೀ ಲೀಟರ್ ನೀರು, 24 ಗಂಟೆ ಕಳೆದರೆ ಉಳಿದದ್ದು ಚೆಲ್ಲಬೇಕು. ಅವರ ಮನೆಯ ಯಾವ ಬಾಟಲಿಯಲ್ಲಿ ಒಂದು ಲೀಟರ್ ಹಿಡಿಯುತ್ತದೆ ಎಂದು ಕೇಳಿ ಗೊತ್ತುಮಾಡಿಕೊಳ್ಳಿ. ಫ್ರಿಜ್ ಇಲ್ಲದ ಮನೆಗೆ ಇನ್ಸುಲಿನ್ ಹೋಗುವುದಾದರೆ, ತೆರೆದ ಬಾಟಲಿಯನ್ನು ಬಿಸಿಲು, ಒಲೆಯಿಂದ ದೂರ, ಒದ್ದೆ ಮಾಡಿದ ಮಣ್ಣಿನ ಮಡಕೆಯಲ್ಲಿ ನೀರು ತಾಗದಂತೆ ಇಡಲು ತೋರಿಸಿ. ಹೆಚ್ಚಿನ ಬಗೆಯವು ಹೀಗೆ ನಾಲ್ಕು ವಾರದಷ್ಟು ಬಾಳುತ್ತವೆ.

ಊಟ ತಪ್ಪುತ್ತದೆ ಎಂದು ಮೊದಲ ದಿನ ಹೇಳಿದವರ ಚೀಟಿಯನ್ನು ಮತ್ತೊಮ್ಮೆ ನೋಡಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮನೆಗೆ ಕಳಿಸುವ ಮೊದಲೇ ಇದನ್ನು ವೈದ್ಯರ ಗಮನಕ್ಕೆ ತನ್ನಿ.

ಮರುತಪಾಸಣೆಯ ದಿನವನ್ನು ಅವರ ಕೆಲಸ, ಬಸ್ಸಿನ ಸಮಯ ಕೇಳಿ ಇಡಿ. ಎರಡು ಮೂರು ದಿನದಲ್ಲಿ ಒಂದು ಫೋನ್ ಮಾಡಿ. ಆ ನಂಬರ್ ಯಾರದ್ದು ಎಂದು ಮೊದಲೇ ಬರೆದಿಟ್ಟುಕೊಳ್ಳಿ, ಎಷ್ಟೋ ಸಲ ಅದು ನೆರೆಮನೆಯವರದ್ದಾಗಿರುತ್ತದೆ.

ಲೆಕ್ಕ

ಸರಾಸರಿ ಕಣ್ಣಿಗೆ ಮಣ್ಣೆರಚುತ್ತದೆ. ನೂರು ಜನ ಡಿಸ್ಚಾರ್ಜ್ ಆಗಿ 78 ಜನ ಮರುತಪಾಸಣೆಗೆ ಬಂದರು ಎಂದುಕೊಳ್ಳಿ, ಪರವಾಗಿಲ್ಲ ಅನಿಸುತ್ತದೆ. ಬಿಡಿಸಿ ನೋಡಿದರೆ ಹತ್ತಿರದ 80 ಜನರಲ್ಲಿ 72, ದೂರದ 20 ಜನರಲ್ಲಿ ಆರೇ ಜನ. ರಿಜಿಸ್ಟರಿನಲ್ಲಿ ದೂರ, ಭಾಷೆ, ಓದು, ಲಿಂಗ ಎಂದು ನಾಲ್ಕು ಕಾಲಂ ಹಾಕಿದರೆ ಇದು ತಾನಾಗಿ ಕಾಣುತ್ತದೆ. ಗುಂಪು ಚಿಕ್ಕದಾದಾಗ ಒಂದು ತಿಂಗಳ ಅಂಕಿ ನಂಬಬೇಡಿ, ಮೂರು ತಿಂಗಳದ್ದನ್ನು ಕೂಡಿಸಿ. ಬಾರದವರಿಗೆ ಫೋನ್ ಮಾಡಿ ಕಾರಣ ಕೇಳಿ. ದೂರವೇ ಕಾರಣವಾದರೆ ಡ್ರೆಸ್ಸಿಂಗ್, ಹೊಲಿಗೆ ಬಿಚ್ಚುವುದು ಅವರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗುವಂತೆ ಪತ್ರ ಬರೆದು, ಅಲ್ಲಿನ ನರ್ಸ್‌ಗೆ ಡಿಸ್ಚಾರ್ಜ್ ದಿನವೇ ಫೋನ್‌ನಲ್ಲಿ ತಿಳಿಸಿಬಿಡಿ.