ಊರಿನ ಕ್ರಿಕೆಟ್ ತಂಡದ ಚರಿತ್ರೆ ಬರೆಯುವುದು ಹೇಗೆ: ಒಬ್ಬ ಸ್ಕೋರರ್ ಹೇಳುವ ಕ್ರಮ

ಇಪ್ಪತ್ತೆರಡು ವರ್ಷ ನಾನು ಕಲಬುರಗಿಯಲ್ಲಿ ನಮ್ಮ ಬಡಾವಣೆಯ ತಂಡಕ್ಕೆ ಸ್ಕೋರ್ ಬರೆದವನು. ಬ್ಯಾಟ್ ಹಿಡಿದದ್ದು ಕಡಿಮೆ, ಪೆನ್ಸಿಲ್ ಹಿಡಿದದ್ದೇ ಹೆಚ್ಚು. ಈಗ ಆ ತಂಡದ ಚರಿತ್ರೆಯನ್ನು ಬರೆದು ಮುಗಿಸಿದ್ದೇನೆ. ಬೀದರ್, ಯಾದಗಿರಿ, ಸೇಡಂ, ಶಹಾಬಾದ್ ಕಡೆಯ ಯಾರಾದರೂ ತಮ್ಮ ಊರಿನ ತಂಡದ ಬಗ್ಗೆ ಹೀಗೆ ಬರೆಯಲು ಹೊರಟರೆ, ನನಗೆ ಮೂರು ವರ್ಷ ಹಿಡಿದ ಕೆಲಸ ಅವರಿಗೆ ಒಂದು ವರ್ಷದಲ್ಲಿ ಮುಗಿಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಕೋರ್ ಪುಸ್ತಕಗಳನ್ನು ಹುಡುಕಿ. ಹಿರಿಯರನ್ನು ಮಾತನಾಡಿಸುವುದು ಅದರ ನಂತರ. ನಾನು ಇದನ್ನು ತಿರುವುಮುರುವು ಮಾಡಿ ಆರು ತಿಂಗಳು ಕಳೆದುಕೊಂಡೆ. ನಮ್ಮ ಹಳೆಯ ಪುಸ್ತಕಗಳನ್ನು ಒಂದು ಸಂಸ್ಥೆಯ ಕೊಠಡಿಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ನಾನು ತೆರೆಯುವ ಹೊತ್ತಿಗೆ ಐದು ಋತುಗಳ ದಾಖಲೆ ಗೆದ್ದಲಿನ ಪಾಲಾಗಿತ್ತು. ಆದ್ದರಿಂದ ಪುಸ್ತಕ ಕೈಗೆ ಸಿಕ್ಕ ದಿನವೇ ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಪಕ್ಕದಲ್ಲಿ ತೆಗೆಯಿರಿ, ಫ್ಲ್ಯಾಷ್ ಬೇಡ. ಅಂಚು ಬಿಟ್ಟುಹೋಗದಂತೆ ಪೂರ್ತಿ ಪುಟ ಬರಲಿ. ಅಂಚಿನಲ್ಲಿಯೇ ಸ್ಕೋರರ್ ‘ಮಳೆ’, ‘ಚೆಂಡು ಕಳೆಯಿತು’, ‘ಅಂಪೈರ್ ಬರಲಿಲ್ಲ’ ಎಂದೆಲ್ಲ ಗೀಚಿರುತ್ತಾನೆ.

ಆಮೇಲೆ ಲೆಕ್ಕ ಕೂಡಿಸಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಒಂದು ಪುಟದ ಉದಾಹರಣೆ ಕೊಡುತ್ತೇನೆ. ಬ್ಯಾಟರ್‌ಗಳ ಓಟ 171. ಇತರೆ ಓಟ 14: ಬೈ 4, ಲೆಗ್ ಬೈ 3, ವೈಡ್ 5, ನೋಬಾಲ್ 2. ಒಟ್ಟು 185. ಇನ್ನು ಬೌಲರ್‌ಗಳು ಕೊಟ್ಟ ಓಟಗಳನ್ನು ಕೂಡಿಸಿದರೆ 178 ಬರಬೇಕು. ಚೆಂಡು ಬ್ಯಾಟಿಗೆ ತಾಗದೆ ಬಂದ ಬೈ ಮತ್ತು ಲೆಗ್ ಬೈ ಸೇರಿ 7 ಓಟ ಬೌಲರ್‌ನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಳೆಯ ಪುಸ್ತಕದಲ್ಲಿ ನಿಮಗೆ 171 ಬರಬಹುದು. ಆಗ ಸ್ಕೋರರ್ ತಪ್ಪಿದ ಎಂದು ತಿದ್ದಲು ಹೋಗಬೇಡಿ. ಹಿಂದೆ ವೈಡ್ ಮತ್ತು ನೋಬಾಲನ್ನು (ಇಲ್ಲಿ ಅವೂ ಸೇರಿ 7) ಬೌಲರ್‌ನ ಹೆಸರಿಗೆ ಹಾಕುವ ಪದ್ಧತಿ ಇರಲಿಲ್ಲ. 1980ರ ದಶಕದಲ್ಲಿ ಅದು ಬದಲಾಯಿತು. ನಾನು ಮೊದಲು ಒಂಬತ್ತು ಪುಟಗಳನ್ನು ‘ಸರಿಪಡಿಸಿ’, ಆಮೇಲೆ ಒಂಬತ್ತನ್ನೂ ಮತ್ತೆ ಮೊದಲಿನಂತೆ ಬರೆದೆ.

ದಿನಾಂಕದ ತೊಂದರೆ ಎಲ್ಲರಿಗೂ ಬರುತ್ತದೆ. ಸ್ಕೋರರ್ ತಾರೀಖು ಹಾಕಿ ವರ್ಷವನ್ನು ಬಿಟ್ಟಿರುತ್ತಾನೆ. ನಮ್ಮ ಒಂದು ಪುಟದಲ್ಲಿ ‘ಭಾನುವಾರ, ಮಾರ್ಚ್ 14’ ಎಂದಷ್ಟೇ ಇತ್ತು. ಮಾರ್ಚ್ 14 ಭಾನುವಾರ ಬಿದ್ದದ್ದು 1971, 1976, 1982 ಮತ್ತು 1993ರಲ್ಲಿ. ಆ ಪಂದ್ಯದಲ್ಲಿ ಆಡಿದ ಆಫ್ ಸ್ಪಿನ್ನರ್ ತಂಡಕ್ಕೆ ಬಂದದ್ದು ಕಾಲೇಜು ಸೇರಿದ ಮೇಲೆ, 1979ರಲ್ಲಿ. ವಿಕೆಟ್ ಕೀಪರ್ ನೌಕರಿ ಸಿಕ್ಕಿ ಊರು ಬಿಟ್ಟದ್ದು 1985ರಲ್ಲಿ. ಉಳಿದದ್ದು 1982 ಒಂದೇ. ಹೀಗೆ ಒಂದು ವರ್ಷ ಖಚಿತವಾದ ರಾತ್ರಿ ನನಗೆ ಆದ ಸಂತೋಷವನ್ನು ಮನೆಯವರಿಗೆ ವಿವರಿಸಿ ಹೇಳಲು ಆಗಲಿಲ್ಲ. ವರ್ಷ ಸಿಕ್ಕ ಮೇಲೆ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಕೇಳಿ. ಪಂದ್ಯದ ಮರುದಿನದ ಸಂಚಿಕೆಯೊಂದನ್ನೇ ನೋಡಿ ಎದ್ದು ಬರಬೇಡಿ; ಜಿಲ್ಲೆಯ ಸುದ್ದಿ ಎರಡು ಮೂರು ದಿನ ತಡವಾಗಿ ಅಚ್ಚಾಗುತ್ತಿತ್ತು.

ಹೆಸರುಗಳ ವಿಷಯದಲ್ಲಿ ಅವಸರ ಮಾಡಬಾರದು. ನಮ್ಮ ಭಾಗದಲ್ಲಿ ‘ಎಸ್. ಪಾಟೀಲ್’ ಎಂದು ಬರೆದರೆ ಯಾರು? ನಮ್ಮ ತಂಡದಲ್ಲಿಯೇ ಮೂವರಿದ್ದರು. ಪ್ರತಿಯೊಬ್ಬ ಆಟಗಾರನಿಗೂ ಒಂದು ಹಾಳೆ ಮೀಸಲಿಡಿ. ಯಾವ ಓಣಿ, ಯಾವ ಶಾಲೆ, ಬಲಗೈಯೋ ಎಡಗೈಯೋ, ಎಷ್ಟನೆಯ ಕ್ರಮಾಂಕದಲ್ಲಿ ಬರುತ್ತಿದ್ದ ಎಂಬುದನ್ನು ಅದರಲ್ಲಿ ಬರೆಯಿರಿ. ಹತ್ತನೆಯ ಕ್ರಮಾಂಕದ ಪಾಟೀಲ ಇದ್ದಕ್ಕಿದ್ದಂತೆ ಆರಂಭಿಕನಾಗಿ 60 ಹೊಡೆದಿದ್ದರೆ ಅವನು ಬೇರೆಯವನಿರಬಹುದು ಎಂದು ಅನುಮಾನಿಸಿ.

ಊರು, ರಾಜ್ಯಗಳ ಹೆಸರನ್ನು ಆಯಾ ಕಾಲಕ್ಕೆ ತಕ್ಕಂತೆ ಬರೆಯಬೇಕು. ಈ ವಿಷಯದಲ್ಲಿ ನಾನು ಹಟಮಾರಿ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. 1937-38ರಲ್ಲಿ ಹೈದರಾಬಾದ್ ತಂಡ ನವಾನಗರವನ್ನು ಒಂದು ವಿಕೆಟ್‌ನಿಂದ ಸೋಲಿಸಿ ರಣಜಿ ಟ್ರೋಫಿ ಗೆದ್ದಾಗ ಗುಲಬರ್ಗಾದವರಿಗೆ ತಮ್ಮ ರಾಜ್ಯದ ತಂಡ ಎಂದರೆ ಅದೇ. ಆದ್ದರಿಂದ ಆ ಕಾಲದ ನಿಮ್ಮ ಊರಿನ ಆಟಗಾರರ ಸುಳಿವನ್ನು ಹೈದರಾಬಾದಿನ ಉರ್ದು ಪತ್ರಿಕೆಗಳಲ್ಲಿ ಹುಡುಕಿ. ಓದಲು ಬಾರದಿದ್ದರೆ ಪಕ್ಕದ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. 1956ರಿಂದ ಮುಂದೆ ನಮ್ಮದು ಮೈಸೂರು ರಾಜ್ಯ, ಮೈಸೂರು ತಂಡ. ಜಿ.ಆರ್. ವಿಶ್ವನಾಥ್ 1967ರಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಆಂಧ್ರದ ವಿರುದ್ಧ 230 ಹೊಡೆದದ್ದು ಮೈಸೂರಿನ ಪರವಾಗಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್‌ನಲ್ಲಿ. ಅದೇ ಋತುವಿನಲ್ಲಿ ಇ.ಎ.ಎಸ್. ಪ್ರಸನ್ನ ಅವರ ನಾಯಕತ್ವದ ತಂಡ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ದಾಟಿ, ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಗೆದ್ದಿತು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಹಾಗಾಗಿ 1995ರಲ್ಲಿ ಜಿಲ್ಲಾ ತಂಡಕ್ಕೆ ಆಡಿದ ಯಾದಗಿರಿಯ ಹುಡುಗ ಗುಲಬರ್ಗಾ ಜಿಲ್ಲೆಯ ಆಟಗಾರ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರಲ್ಲಿ.

ಗುಲಬರ್ಗಾ ಮಿಸ್ಟಿಕ್ಸ್ ತಂಡಕ್ಕೆ ಪ್ರತ್ಯೇಕ ಅಧ್ಯಾಯ ಕೊಡಿ. 2022ರಲ್ಲಿ ಆರಂಭವಾದ ರಾಜ್ಯಮಟ್ಟದ ಟೂರ್ನಿ ಮಹಾರಾಜ ಟ್ರೋಫಿ ಟಿ20ಯ ಮೊದಲ ಪ್ರಶಸ್ತಿ ಅದರದ್ದು. ನಾಯಕ ಮನೀಷ್ ಪಾಂಡೆ. ಫೈನಲ್‌ನಲ್ಲಿ ಮಯಂಕ್ ಅಗರ್ವಾಲ್ ನಾಯಕತ್ವದ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧ 11 ಓಟಗಳ ಗೆಲುವು. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತು ನೋಡಿದೆವು, ನನ್ನ ಕಣ್ಣು ತುಂಬಿತ್ತು. ಆದರೂ ಆ ವರ್ಷದ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಊರಿನ ಹೆಸರು ಹೊತ್ತ ತಂಡದ ಕಥೆ ಒಂದು, ಊರಿನ ಮೈದಾನದಲ್ಲಿ ಬೆಳೆದ ತಂಡದ ಕಥೆ ಇನ್ನೊಂದು. ಎರಡರ ಅಂಕಿಗಳನ್ನು ಬೆರೆಸಬೇಡಿ.

ಈಗ ಹಿರಿಯರ ಬಳಿಗೆ ಹೋಗಿ. ‘ಆ ಕಾಲದ ನೆನಪು ಹೇಳಿ’ ಎಂದು ಕೇಳಿದರೆ ಏನೂ ಹೊರಬರುವುದಿಲ್ಲ. ಪುಟವನ್ನೇ ಮುಂದೆ ಇಡಿ. ನಮ್ಮ ಆರಂಭಿಕ ಬ್ಯಾಟರ್ ಒಬ್ಬರು ಒಂದು ಫೈನಲ್‌ನಲ್ಲಿ ತಮ್ಮದು ಶತಕ ಎಂದು ನಲವತ್ತು ವರ್ಷ ನಂಬಿದ್ದರು. ಪುಸ್ತಕದಲ್ಲಿ 88 ಇತ್ತು. ನಾನು ಹಿಂಜರಿಯುತ್ತಲೇ ಪುಟ ತೋರಿಸಿ, “ಕಾಕಾ, ನಾನು ಮೂರು ಸಲ ಕೂಡಿಸಿ ನೋಡಿದ್ದೇನೆ” ಎಂದೆ. ಅವರು ಕನ್ನಡಕ ಏರಿಸಿ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು. “ಇದೇ ಸರಿ ತಮ್ಮಾ. ಈ ನಾಲ್ಕು ನೋಡು, ಮ್ಯಾಟಿನ ಅಂಚಿಗೆ ತಾಗಿ ಎದ್ದ ಚೆಂಡು, ಕಿವಿಯ ಪಕ್ಕದಿಂದ ಎಳೆದು ಹೊಡೆದೆ” ಎಂದರು. ಹನ್ನೆರಡು ಓಟ ಹೋಯಿತು, ಬದಲಿಗೆ ಒಂದು ಹೊಡೆತ ಸಿಕ್ಕಿತು.

ಆ ಮ್ಯಾಟಿನ ಬಗ್ಗೆ ಬಿಡಿಸಿ ಬಿಡಿಸಿ ಕೇಳಿ. ನಮ್ಮ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುತ್ತದೆ. ಅದಕ್ಕೇ ಮುರಂ ಹಾಕಿ, ನೀರು ಚಿಮುಕಿಸಿ, ದುಮ್ಮಸು ಬಡಿದು, ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಸುತ್ತಲೂ ಮೊಳೆ ಹೊಡೆದು ಬಿಗಿಯುತ್ತಿದ್ದೆವು. ಬಿಗಿ ಸಡಿಲಾದರೆ ಚೆಂಡು ಒಂದು ಸಲ ಎದೆಗೆ, ಇನ್ನೊಂದು ಸಲ ಪಾದಕ್ಕೆ. ಮ್ಯಾಟಿನಲ್ಲಿ ಬೆಳೆದವರು ಕಟ್, ಪುಲ್ ಚೆನ್ನಾಗಿ ಆಡುತ್ತಿದ್ದರು. ಬೇರೆ ಊರಿನ ಹುಲ್ಲು ಪಿಚ್‌ಗೆ ಹೋದಾಗ ಚೆಂಡು ಅಷ್ಟು ಏಳದೆ ಕಾಲಿಗೆ ಬಡಿದು ಎಲ್‌ಬಿಡಬ್ಲ್ಯೂ ಔಟ್ ಆಗುತ್ತಿದ್ದರು. ನಮ್ಮ ಪುಸ್ತಕದಲ್ಲಿ ಹೊರ ಊರಿನ ಪಂದ್ಯಗಳ ಎಲ್‌ಬಿಡಬ್ಲ್ಯೂ ಎಣಿಸಿದ ಮೇಲೆಯೇ ನನಗೆ ಇದು ಹೊಳೆದದ್ದು. ಆಟಗಾರನೊಬ್ಬನ ಸರಾಸರಿ ಬರೆಯುವಾಗ ಊರಿನ ಪಂದ್ಯ, ಹೊರಗಿನ ಪಂದ್ಯ ಎಂದು ಬೇರೆ ಬೇರೆ ಬರೆಯಿರಿ.

ಮೈದಾನದೊಳಗೆ ಇಳಿಯದವರನ್ನೂ ಸೇರಿಸಿ. ಮ್ಯಾಟನ್ನು ಸುರುಳಿ ಸುತ್ತಿ ಸೈಕಲ್ ಮೇಲೆ ಹೇರಿಕೊಂಡು ಹೋಗುತ್ತಿದ್ದವನು ಯಾರು? ನಮ್ಮೂರಿನ ಬ್ರಹ್ಮಪುರ ಬಡಾವಣೆಯ ಒಂದು ಮನೆಯಲ್ಲಿ ತಾಯಿಯೊಬ್ಬರು ಶನಿವಾರ ರಾತ್ರಿ ನಾಲ್ಕು ಜನರ ಬಿಳಿ ಬಟ್ಟೆಗೆ ನೀಲಿ ಹಾಕಿ ಒಣಗಿಸುತ್ತಿದ್ದರು. ಆ ನಾಲ್ವರಲ್ಲಿ ಅವರ ಮಗ ಒಬ್ಬನೇ. ಅವರಿಗೆ ನಾನು ಒಂದೂವರೆ ಪುಟ ಕೊಟ್ಟಿದ್ದೇನೆ, ನಾಯಕನೊಬ್ಬನಿಗೆ ಕೊಟ್ಟಷ್ಟೇ.

ಅಚ್ಚಿಗೆ ಕೊಡುವ ಮೊದಲು ಕರಡನ್ನು ಮೈದಾನಕ್ಕೆ ಒಯ್ದು, ಆಡಿದವರ ಮುಂದೆ ಗಟ್ಟಿಯಾಗಿ ಓದಿ. ನಾನು ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಏರುವ ಮುನ್ನ, ಹದಿನಾಲ್ಕು ಜನರನ್ನು ಕೂರಿಸಿಕೊಂಡು ಓದಿದೆ. ಮ್ಯಾಟಿನ ಭಾಗ ಬಂದಾಗ ಹಳೆಯ ಕೀಪರ್ ಕೈ ಎತ್ತಿ ನಿಲ್ಲಿಸಿದರು. ಮೊಳೆಗಳ ಸಂಖ್ಯೆಯನ್ನು ನಾನು ತಪ್ಪಾಗಿ ಬರೆದಿದ್ದೆ. ಅವರು ಎದ್ದು ಹೋಗಿ, ಪಿಚ್ ಇದ್ದ ಜಾಗದಲ್ಲಿ ಬಗ್ಗಿ, ಒಂದೊಂದು ಮೊಳೆ ಎಲ್ಲಿತ್ತು ಎಂದು ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತ ಹೋದರು. ನಾನು ಹಿಂದೆ ಹಿಂದೆ ನಡೆದು ಎಣಿಸಿ ಬರೆದುಕೊಂಡೆ.