ಮೆದು ಕಪ್ಪು ಬಣ್ಣದ ಕಾರಿಗೆ ಯಾವ ಪಾಲಿಶ್?

ಕಪ್ಪು ಕಾರಿನ ಮೇಲೆ ಗೀರು ಕಂಡ ಕೂಡಲೇ ಹೆಚ್ಚಿನವರು ರಬ್ಬಿಂಗ್ ಕಂಪೌಂಡ್, ಅಂದರೆ ಜೋರಾಗಿ ಕೆರೆಯುವ ಗಡುಸು ಪಾಲಿಶ್, ಕೊಳ್ಳಲು ಹೊರಡುತ್ತಾರೆ. ಬಣ್ಣ ಮೆದುವಾಗಿದ್ದರೆ ಕಂಪೌಂಡ್ ಬೇಕಾಗುವುದು ಕೊನೆಯಲ್ಲಿ, ಅದೂ ಬೇಕಾದರೆ ಮಾತ್ರ. ಮೆದು ಬಣ್ಣದಿಂದ ಗೀರು ತೆಗೆಯುವುದು ಸುಲಭ. ತೆಗೆದ ಮೇಲೆ ಮಬ್ಬು ಬಾರದಂತೆ ನೋಡಿಕೊಳ್ಳುವುದು ಕಷ್ಟ. ಹಾಗಾಗಿ ಅತಿ ನಯವಾದ ಪಾಲಿಶ್‌ನಿಂದಲೇ ಶುರು ಮಾಡಬೇಕು.

ಬಿಳಿ ಬಣ್ಣ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಅದರಲ್ಲಿ ಗೀರಿನ ಮಿನುಗು ಅಷ್ಟಾಗಿ ಕಾಣುವುದಿಲ್ಲ. ಕಪ್ಪು ಬೆಳಕನ್ನು ಹೀರಿಕೊಳ್ಳುತ್ತದೆ, ಹೀಗಾಗಿ ಗೀರಿನ ಅಂಚು ಮಾತ್ರ ಹೊಳೆಯುತ್ತದೆ. ಈ ಗೀರುಗಳಿರುವುದು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲಿ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಇದರಲ್ಲಿ ಸ್ವಲ್ಪ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಬಣ್ಣ ಮೆದುವೇ ಅಂತ ತಿಳಿಯುವುದು ಹೇಗೆ?

ಹೋಂಡಾ, ಟೊಯೊಟಾ, ಸುಬಾರು ಕಾರುಗಳ ಕಪ್ಪು ಬಣ್ಣ ಮೆದು ಎನ್ನುವುದು ಡೀಟೇಲಿಂಗ್ (ಕಾರಿನ ಸೂಕ್ಷ್ಮ ಸ್ವಚ್ಛತೆ, ಪಾಲಿಶ್ ಕೆಲಸ) ಮಾಡುವವರ ಅನುಭವ. ಟೊಯೊಟಾದ 202 ಸಂಖ್ಯೆಯ ಕಪ್ಪಿನ ಹೆಸರು ಪದೇ ಪದೇ ಕೇಳಿಬರುತ್ತದೆ. ಜರ್ಮನ್ ಕಾರುಗಳ ಕ್ಲಿಯರ್ ಕೋಟ್ ಸಾಮಾನ್ಯವಾಗಿ ಗಟ್ಟಿ. ಆದರೆ ಬರೀ ಕಂಪನಿ ಹೆಸರು ನಂಬಿ ಕೈ ಹಾಕಬೇಡಿ. ಒಂದು ಬಾಗಿಲಿಗೆ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ್ದರೆ ಅದರ ಗುಣವೇ ಬೇರೆ ಇರುತ್ತದೆ. ತೊಳೆದ ಕಾರನ್ನು ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದಾಗಲೂ ಹೊಸ ಸಣ್ಣ ಗೆರೆಗಳು ಬೀಳುತ್ತಿದ್ದರೆ ಬಣ್ಣ ಮೆದು ಎಂದೇ ತಿಳಿಯಿರಿ.

ಮೊದಲು ಶಾಂಪೂ ಹಾಕಿ ತೊಳೆಯಿರಿ. ಆಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿ. ತರಿ ತರಿ ಅನಿಸಿದರೆ ಮಾತ್ರ ಕ್ಲೇ, ಅಂದರೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ, ಬಳಸಿ. ಅದೂ ನಯವಾದ ಬಗೆಯದು, ಜಾರುವ ದ್ರವ ಧಾರಾಳವಾಗಿ ಹಾಕಿ. ಮೆದು ಕಪ್ಪಿನ ಮೇಲೆ ಕ್ಲೇ ಗುರುತು ಬಿಡುತ್ತದೆ, ಆದ್ದರಿಂದ ಪಾಲಿಶ್ ಮಾಡುವ ದಿನವಷ್ಟೇ ಅದನ್ನು ಮುಟ್ಟಿ.

ಪಾಲಿಶ್ ಮತ್ತು ಪ್ಯಾಡ್ ಒಟ್ಟಿಗೆ ಆರಿಸಿ

ಬಾಟಲಿ ಮಾತ್ರ ನೋಡಿ ಕೊಂಡರೆ ಅರ್ಧ ಕೆಲಸ. ಅದೇ ಪಾಲಿಶ್, ಯಂತ್ರಕ್ಕೆ ಅಂಟಿಸುವ ಪ್ಯಾಡ್ ಗಟ್ಟಿಯಾಗಿದ್ದರೆ ಜಾಸ್ತಿ ಕೆರೆಯುತ್ತದೆ, ಮೆತ್ತನೆಯ ಫೋಮ್‌ನಲ್ಲಿ ಹೊಳಪು ಕೊಡುತ್ತದೆ. ಉಣ್ಣೆಯ ಪ್ಯಾಡ್, ಮೈಕ್ರೋಫೈಬರ್ ಪ್ಯಾಡ್ ಎರಡೂ ಮೆದು ಕಪ್ಪಿನ ಮೇಲೆ ಮಬ್ಬು ತರುತ್ತವೆ, ಅವನ್ನು ದೂರ ಇಡಿ. ಪ್ಯಾಡ್‌ನ ಬಣ್ಣ ನೋಡಿ ಮೋಸ ಹೋಗಬೇಡಿ. ರೂಪೆಸ್ ಕಂಪನಿಯಲ್ಲಿ ಬಿಳಿ ಪ್ಯಾಡ್ ಎಂದರೆ ಅತಿ ನಯ. ಲೇಕ್ ಕಂಟ್ರಿ ಕಂಪನಿಯಲ್ಲಿ ಕೊನೆಯ ಹೊಳಪಿನ ಪ್ಯಾಡ್ ಕಪ್ಪು.

ಪಾಲಿಶ್‌ಗಳಲ್ಲಿ ಮೆಂಜರ್ನಾ 3800, ಸೋನಾಕ್ಸ್ ಪರ್ಫೆಕ್ಟ್ ಫಿನಿಶ್, ಮೆಗ್ವಾಯರ್ಸ್ 205, ತ್ರೀಎಂ ಅಲ್ಟ್ರಾಫಿನಾ ಇವು ಕೊನೆಯ ಹೊಳಪಿನ ಸಾಲಿಗೆ ಸೇರಿದವು. ಮೆಂಜರ್ನಾದಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಕೆರೆತ ಹೆಚ್ಚು. 400 ಗಡುಸು, 3800 ನಯ. ಮೆಂಜರ್ನಾದಲ್ಲಿರುವ ಕೆರೆಯುವ ಹುಡಿ ಉಜ್ಜುತ್ತಾ ಹೋದಂತೆ ಒಡೆದು ಸಣ್ಣದಾಗುತ್ತದೆ, ಹಾಗಾಗಿ ಅವಸರದಲ್ಲಿ ನಡುವೆ ನಿಲ್ಲಿಸಿದರೆ ಮಬ್ಬು ಉಳಿಯುತ್ತದೆ. 205ರ ಹುಡಿ ಮೊದಲಿನಿಂದಲೇ ಸಣ್ಣದು, ಹಾಗೆ ಒಡೆಯುವುದಿಲ್ಲ. ಅಲ್ಲಿ ಕೊನೆಯ ನಯವೆಲ್ಲ ಕೈಯ ಒತ್ತಡದ ಮೇಲೆ ನಿಂತಿದೆ. ಹೊಸಬರಿಗೆ ನಾನು ಹೇಳುವುದು 205. ಬೇಗ ಒಣಗುವುದಿಲ್ಲ, ಕಲಿಯಲು ಸಮಯ ಕೊಡುತ್ತದೆ.

ಬಾನೆಟ್ ಮೇಲೆ ಸುಮಾರು 50 ಸೆಂಟಿಮೀಟರ್ ಚೌಕಕ್ಕೆ ಟೇಪ್ ಅಂಟಿಸಿ, ಅಷ್ಟರಲ್ಲೇ ಪ್ರಯೋಗ ಮಾಡಿ. ಗಿರಗಿರನೆ ಒಂದೇ ಕಡೆ ಸುತ್ತುವ ರೋಟರಿ ಯಂತ್ರ ಅನುಭವಿಗಳ ಕೈಗೇ ಇರಲಿ, ಕಪ್ಪಿನ ಮೇಲೆ ಅದು ಹೊಲೊಗ್ರಾಮ್‌ನಂಥ ಪಟ್ಟೆ ಬಿಡುತ್ತದೆ. ಮನೆಯಲ್ಲಿ ಮಾಡುವವರಿಗೆ ಡಿಎ ಪಾಲಿಶರ್ (ಸುತ್ತುತ್ತಲೇ ಅತ್ತಿತ್ತ ಓಲಾಡುವ ಯಂತ್ರ) ಸಾಕು. ಪ್ಯಾಡ್‌ಗೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಹಾಕಿ. ಮಧ್ಯಮ ವೇಗದಲ್ಲಿ ಅಡ್ಡಕ್ಕೂ ಉದ್ದಕ್ಕೂ ನಿಧಾನವಾಗಿ ಓಡಿಸಿ. ಕೊನೆಯ ಸುತ್ತಿನಲ್ಲಿ ಒತ್ತಲೇಬೇಡಿ, ಯಂತ್ರದ ಭಾರವೇ ಸಾಕು. ನೆರಳಿನಲ್ಲಿ, ಬೆಳಗಿನ ಹೊತ್ತಿನಲ್ಲಿ ಮಾಡಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಮೇಲೆ ಯಾವ ಪಾಲಿಶ್ ಆದರೂ ಕೂಡಲೇ ಒಣಗಿಬಿಡುತ್ತದೆ. ಪ್ರತಿ ಭಾಗ ಮುಗಿದ ಮೇಲೆ ಪ್ಯಾಡ್ ಉಜ್ಜಿ ಸ್ವಚ್ಛ ಮಾಡಿ. ಅದರಲ್ಲಿ ಕೂತ ಕೊಳೆಯೇ ಮುಂದಿನ ಗೀರು.

ಗೀರು ಹೋಯಿತೇ, ಸುಮ್ನೆ ಪಾಲಿಶ್‌ನ ಎಣ್ಣೆಯಡಿ ಅಡಗಿದೆಯೇ? ಆ ಎಣ್ಣೆ ತೆಗೆಯುವ ಪ್ಯಾನೆಲ್ ವೈಪ್ ದ್ರವ ಸಿಂಪಡಿಸಿ ಹಗುರವಾಗಿ ಒರೆಸಿ, ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಗೀರು ಉಳಿದಿದ್ದರೆ ಮೊದಲು ಸ್ವಲ್ಪ ಗಟ್ಟಿಯಾದ ಪ್ಯಾಡ್ ಬಳಸಿ. ಆಗಲೂ ಹೋಗದಿದ್ದರೆ ಮಾತ್ರ ಬಲವಾದ ಪಾಲಿಶ್. ಅದಾದ ಮೇಲೆ ಮತ್ತೆ ನಯವಾದುದಕ್ಕೆ ಬರಲೇಬೇಕು. ಎಲ್ಲ ಗೀರನ್ನೂ ಅಟ್ಟಿಸಿಕೊಂಡು ಹೋಗಬೇಡಿ. ಉಗುರಿಗೆ ಸಿಗುವಷ್ಟು ಆಳದ್ದನ್ನು ಬಿಟ್ಟುಬಿಡಿ.

ಗ್ಲೇಜ್ ಎಂಬ ವಸ್ತು ಗೀರು ತೆಗೆಯುವುದಿಲ್ಲ, ತುಂಬಿ ಮರೆಮಾಡುತ್ತದೆ. ಕೆಲವು ಸಲ ತೊಳೆದರೆ ಗೀರು ಮತ್ತೆ ಹಾಜರ್. ಆದರೂ ಕ್ಲಿಯರ್ ಕೋಟ್ ತೆಳುವಾಗಿರುವ ಹಳೆಯ ಕಾರಿಗೆ ಅದೇ ಸರಿಯಾದ ದಾರಿ.

ಆಮೇಲಿನ ಆರೈಕೆ

ಕಾರ್ನೌಬಾ ಮೇಣ ಕಪ್ಪಿಗೆ ಒಳ್ಳೆಯ ಆಳ ಕೊಡುತ್ತದೆ, ಆದರೆ ನಮ್ಮ ಬಿಸಿಲಿಗೆ ಬೇಗ ಹೋಗುತ್ತದೆ. ಸೀಲಂಟ್ ಎಂಬ ಕೃತಕ ಲೇಪ ಹೆಚ್ಚು ಬಾಳುತ್ತದೆ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು, ಆದರೆ ಅದರಡಿ ಉಳಿದ ಮಬ್ಬು ಕೂಡ ಅಷ್ಟೇ ಕಾಲ ಉಳಿಯುತ್ತದೆ. ಡಬ್ಬಿಯ ಮೇಲಿನ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆ. ಕಲ್ಲೇಟಿಗಾಗಲಿ, ಧೂಳಿನ ಬಟ್ಟೆಗಾಗಲಿ ಅದು ಕವಚವಲ್ಲ.

ಅಪಾರ್ಟ್‌ಮೆಂಟುಗಳಲ್ಲಿ ದಿನಾ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುತ್ತಾರೆ, ಅಲ್ವಾ? ಕಪ್ಪು ಕಾರಿಗೆ ಅದು ಬೇಡ ಎಂದು ಅವರಿಗೆ ಪ್ರೀತಿಯಿಂದ ಹೇಳಿ, ಸಂಬಳ ಕಡಿಮೆ ಮಾಡದೆ. ವಾರಕ್ಕೊಮ್ಮೆ ಶಾಂಪೂಗೊಂದು, ಬಟ್ಟೆ ಜಾಲಿಸಲೊಂದು ಹೀಗೆ ಎರಡು ಬಕೆಟ್ ಇಟ್ಟುಕೊಂಡು ಮೇಲಿನಿಂದ ಕೆಳಗೆ ತೊಳೆಯಿರಿ. ದೊಡ್ಡ ಟವೆಲ್ ಹಾಸಿ ನೀರು ಹೀರಿಸಿ, ತಿಕ್ಕಬೇಡಿ. ಬೋರ್‌ವೆಲ್ ನೀರಾದರೆ ಒಣಗಲು ಬಿಡಲೇಬೇಡಿ, ಗಡಸು ನೀರಿನ ಬಿಳಿ ಕಲೆ ಕಪ್ಪಿನ ಮೇಲೆ ಕೂತುಬಿಡುತ್ತದೆ. ಕಲೆ ಆಗಲೇ ಬಿದ್ದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಒದ್ದೆ ಬಟ್ಟೆಯನ್ನು ಒಂದೆರಡು ನಿಮಿಷ ಅದರ ಮೇಲಿಡಿ. ತಗಡು ತಣ್ಣಗಿರಬೇಕು. ಆಮೇಲೆ ಶಾಂಪೂ ನೀರಿನಲ್ಲಿ ತೊಳೆದು, ಮೇಣವನ್ನು ಮತ್ತೊಮ್ಮೆ ಹಚ್ಚಿ.