ಗಾಳಿಯಲ್ಲೇ ಸ್ಪರ್ಶ ಹುಟ್ಟಿಸೋದು ಹೇಗೆ?

ಪರದೆ ಮುಟ್ಟಬಾರದು, ಕೈಗೆ ಗ್ಲೌಸೂ ಬೇಡ, ಆದರೂ ಅಂಗೈಗೆ ಏನೋ ತಾಗಿದ ಹಾಗೆ ಅನ್ನಿಸಬೇಕು. ಇದಕ್ಕೆ ಜಾಸ್ತಿ ಬಳಸುವುದು ಅಲ್ಟ್ರಾಸೌಂಡ್, ಅಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳು. 2008ರಲ್ಲೇ ಟೋಕಿಯೋ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದರು. ಹೊಸಬರು ಸಾಮಾನ್ಯವಾಗಿ ಚೌಕ, ತ್ರಿಕೋನ ಬಿಡಿಸಲು ಹೊರಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಯಾವಾಗ ತಾಗಬೇಕು, ಎಷ್ಟು ಹೊತ್ತು, ಯಾವಾಗ ನಿಲ್ಲಬೇಕು ಅನ್ನೋದು ಮೊದಲು, ಆಕಾರ ಆಮೇಲೆ.

ಬೋರ್ಡಿನ ಮೇಲೆ ಪುಟ್ಟ ಸ್ಪೀಕರ್‌ಗಳ ಸಾಲು ಇರುತ್ತದೆ, ಸಾಮಾನ್ಯವಾಗಿ 40 ಕಿಲೋಹರ್ಟ್ಸ್‌ನವು, ಅಂದರೆ ಸೆಕೆಂಡಿಗೆ 40,000 ಸಲ ಕಂಪಿಸುವವು. ಎಲ್ಲದರ ಅಲೆಗಳೂ ಒಂದೇ ಹೊತ್ತಿಗೆ ಒಂದೇ ಜಾಗ ಸೇರಿದರೆ ಅಲ್ಲಿ ಒತ್ತಡ ಹೆಚ್ಚಿ ಚರ್ಮವನ್ನು ಚೂರೇ ಚೂರು ತಳ್ಳುತ್ತದೆ. ನಡುವಿನ ಸ್ಪೀಕರ್‌ಗೆ ಸರಿಯಾಗಿ 200 ಮಿ.ಮೀ. ಮೇಲೆ ಅಲೆಗಳು ಸೇರುವ ಈ ಬಿಂದು ಬೇಕು ಅಂದುಕೊಳ್ಳಿ. ಅದಕ್ಕಿಂತ 80 ಮಿ.ಮೀ. ಆಚೆ ಇರುವ ಸ್ಪೀಕರ್‌ಗೆ ಅದೇ ಬಿಂದು ಸುಮಾರು 215 ಮಿ.ಮೀ. ದೂರ, ಹಾಗಾಗಿ ಅದರ ಅಲೆ ಸುಮಾರು 45 ಮೈಕ್ರೋಸೆಕೆಂಡ್ ಮೊದಲೇ ಹೊರಡಬೇಕು. ಈ ಲೆಕ್ಕವನ್ನೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ನೀವು ನೆನಪಿಡಬೇಕಾದ್ದು ಇಷ್ಟು: ಬಿಂದುವಿನ ಅಗಲ ಹೆಚ್ಚುಕಮ್ಮಿ ಅಲೆಯ ಉದ್ದದಷ್ಟು, ಅಂದರೆ ಸುಮಾರು 8.6 ಮಿ.ಮೀ. ಸಣ್ಣ ಅಕ್ಷರ ಬರೆಯೋ ಆಸೆ ಬಿಡಿ.

40 ಕಿಲೋಹರ್ಟ್ಸ್ ಕಂಪನ ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಬಿಂದುವಿನ ಬಲವನ್ನು ಸೆಕೆಂಡಿಗೆ ಸುಮಾರು 200 ಸಲ ಏರಿಸಿ ಇಳಿಸಬೇಕು. ಇನ್ನೊಂದು ದಾರಿ, ಬಲ ಹಾಗೇ ಇಟ್ಟು ಬಿಂದುವನ್ನೇ ವೇಗವಾಗಿ ಓಡಿಸುವುದು. 10 ಸೆಂ.ಮೀ. ಸುತ್ತಳತೆಯ ವೃತ್ತವನ್ನು ಸೆಕೆಂಡಿಗೆ 70 ಸಲ ಸುತ್ತಿಸಿದರೆ ವೇಗ ಸೆಕೆಂಡಿಗೆ 7 ಮೀಟರ್. ಈ ಆಸುಪಾಸಿನಲ್ಲಿ ಚರ್ಮದ ಮೇಲಿನ ಅಲೆಗಳು ಒಂದರ ಮೇಲೊಂದು ಸೇರಿ ಸ್ಪರ್ಶ ಗಟ್ಟಿಯಾಗಿ ಗೊತ್ತಾಗುತ್ತದೆ.

ಈಗ ಗಾಳಿಯಲ್ಲೇ ಒತ್ತುವ ಒಂದು ಬಟನ್ ಮಾಡೋಣ. ಕೈ ಬಟನ್ ಇರೋ ಜಾಗಕ್ಕೆ ಬಂದಾಗ ಮೆಲ್ಲಗಿನ ವೃತ್ತ, "ಇಲ್ಲಿದೆ" ಅಂತ ಹೇಳೋಕೆ. ಒತ್ತುವ ಮುನ್ನ ಅದನ್ನು ಪೂರ್ತಿ ನಿಲ್ಲಿಸಿ, ಒಂದು ಚಿಕ್ಕ ಗ್ಯಾಪ್ ಕೊಡಿ. ಒತ್ತಿದ ಕ್ಷಣಕ್ಕೆ ಪೂರ್ತಿ ಬಲದ ಒಂದೇ ಬಡಿತ, ಸುಮಾರು 100 ಮಿಲಿಸೆಕೆಂಡ್. ಆಮೇಲೆ ಏನೂ ಇರಬಾರದು. ಆ ಗ್ಯಾಪ್ ಇಲ್ಲದಿದ್ದರೆ ಬಡಿತ ಮೊದಲಿನ ಗುಂಯ್‌ಗುಡುವಿಕೆಯಲ್ಲೇ ಕಳೆದುಹೋಗುತ್ತದೆ, ಯಾಕೆಂದರೆ ಒಂದೇ ಥರದ ಕಂಪನಕ್ಕೆ ಚರ್ಮ ಬೇಗ ಒಗ್ಗಿಹೋಗುತ್ತದೆ. ಅದೇ ಕ್ಷಣಕ್ಕೆ ಪರದೆಯಲ್ಲಿ ಬಟನ್ ಕೆಳಗಿಳಿದು "ಟಕ್" ಅಂದರೆ ಅಷ್ಟು ಸಣ್ಣ ಬಲವೂ ನಿಜವಾದ ಕ್ಲಿಕ್ ಅನ್ನಿಸುತ್ತದೆ. ತಡವಾಯ್ತೋ, ನಂಬಿಕೆ ಹೋಯ್ತು.

ಆಕಾರ ತೋರಿಸಲೇಬೇಕು ಅಂದರೆ ಇಡೀ ಚೌಕವನ್ನು ಒಟ್ಟಿಗೆ ಮೂಡಿಸಬೇಡಿ, ವೃತ್ತಕ್ಕೂ ಅದಕ್ಕೂ ವ್ಯತ್ಯಾಸವೇ ಸಿಗುವುದಿಲ್ಲ. ಒಂದೇ ಬಿಂದುವನ್ನು ನಿಧಾನಕ್ಕೆ ಓಡಿಸಿ, ಮೂಲೆಗಳಲ್ಲಿ ಚೂರು ನಿಲ್ಲಿಸಿ. ಬಿಂದುಗಳು ಜಾಸ್ತಿಯಾದಷ್ಟೂ ಬಲ ಹಂಚಿಹೋಗುತ್ತದೆ ಅನ್ನೋದೂ ಗೊತ್ತಿರಲಿ. ಎಲ್ಲವನ್ನೂ ಅಂಗೈ ಕಡೆಗೇ ಗುರಿ ಇಡಿ, ಕೈಯ ಹಿಂಭಾಗಕ್ಕೆ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ.

ಪರೀಕ್ಷೆ ಮಾಡುವಾಗ ಜನರ ಕಿವಿಗೆ ಹೆಡ್‌ಫೋನ್ ಹಾಕಿಸಿ ಬೇರೆ ಸದ್ದು ಕೇಳಿಸಿ. ಬಲ ಏರಿಸಿ ಇಳಿಸುವಾಗ ಬೋರ್ಡ್ ಸದ್ದು ಮಾಡುತ್ತದೆ, ಎಷ್ಟೋ ಜನ ಅದನ್ನು ಕೇಳಿಯೇ ಉತ್ತರ ಹೇಳಿಬಿಡ್ತಾರೆ. "ಇದು ಮಳೆಹನಿ ಥರ ಇದೆ ಅಲ್ವಾ?" ಅಂತ ಸುಳಿವು ಕೊಡಬೇಡಿ. ಸುಮ್ನೆ "ಏನನ್ನಿಸ್ತು?" ಅಂತ ಕೇಳಿ, ಅವರು ಹೇಳಿದ ಮಾತನ್ನು ಹಾಗೇ ಬರೆದುಕೊಳ್ಳಿ. ಕೈ ಎತ್ತಿ ಹಿಡಿದು ಸುಸ್ತಾಗುತ್ತದೆ, ಆಗಾಗ ಬಿಡುವು ಕೊಡಿ.